ಮೊದಲನೇ ಪಂಚರು

ಹೋದ ಮಳೆಗಾಲದಲ್ಲಿ ಮೊಮ್ಮಗಳ ಸ್ಕೂಲ್ ಯೂನಿಫಾರ್ಮಿಗೆ ಬಟ್ಟೆ ತರಲು ಚಿಕ್ಕಮಗಳೂರಿಗೆ ಹೋಗಿದ್ದೆ. ಅಂಗಡಿಯವರು ನನಗೆ ಸ್ಟೂಲು ಕೊಟ್ಟು, ನನಗಿಂತ ಮೊದಲು ಬಂದಿದ್ದ ಗಿರಾಕಿಗೆಂದು ಖಾಕಿ ಬಟ್ಟೆಯ ಒಂದು ಥಾನನ್ನು ಮೇಜಿನ ಮೇಲೆ ದಬದಬನೆ ಬಿಚ್ಚಿದರು. ಹೊಸ ಖಾಕಿಗೆ ಅದರದ್ದೇ ಒಂದು ವಾಸನೆ ಇದೆ. ಗಂಜಿಯದ್ದು, ಮುಚ್ಚಿಟ್ಟ ಪೆಟ್ಟಿಗೆಯದ್ದು... ಮಳೆಯ ಥಂಡಿ ಸೇರಿದರೆ ಅದು ಇನ್ನೂ ಗಟ್ಟಿಯಾಗಿ ಮೂಗಿಗೆ ಕೂರುತ್ತದೆ. ನನಗೆ ಯಾಕೋ ಕೂರಲಾಗಲಿಲ್ಲ. ಎದ್ದು ಹೊರಗೆ ಬಂದು ಬಸ್ ಹತ್ತಿದೆ. ಬಟ್ಟೆ ಎಲ್ಲಿ ಅಂತ ಮನೆಯವಳು ಕೇಳಿದಾಗ ಆ ಬಣ್ಣ ಖಾಲಿ ಅಂತೆ ಅಂದೆ. ಸುಳ್ಳು ಹೇಳುವುದರಲ್ಲಿ ನನಗೆ ಹಳೇ ಅಭ್ಯಾಸ ಇದೆ. ಅದರ ಕಥೆಯನ್ನೇ ಈಗ ಬರೆಯುತ್ತಿರುವುದು.

ಊರಿನ ಹೆಸರು ಬರೆಯುವುದಿಲ್ಲ. ಮೂಡಿಗೆರೆಯಿಂದ ಕಳಸದ ಕಡೆಗೆ ಹೋಗುವ ದಾರಿಯಲ್ಲಿ ಬಸ್ಸು ಐದು ನಿಮಿಷ ನಿಲ್ಲುವ ಯಾವುದೋ ಒಂದು ಊರು ಅಂದುಕೊಳ್ಳಿ. ತೊಂಬತ್ತರ ದಶಕದ ಮೊದಲಲ್ಲಿ ಅಲ್ಲಿ ನಾನೊಂದು ಎಸ್‌ಟಿಡಿ ಬೂತ್ ಇಟ್ಟೆ. ಎದುರಿಗೆ ರಸ್ತೆಯಾಚೆ ಪೊಲೀಸ್ ಸ್ಟೇಷನ್. ಪಕ್ಕದ ಅಂಗಡಿ ಟೈಲರಣ್ಣನದು. ಅವರನ್ನು ಊರಲ್ಲಿ ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಎಸ್ಟೇಟಿನ ಸಾಹುಕಾರರಿಂದ ಹಿಡಿದು ಕಾಫಿ ಕುಯ್ಯುವ ಹೆಂಗಸರವರೆಗೆ ಎಲ್ಲರಿಗೂ ಅವರು ಟೈಲರಣ್ಣನೇ. ಚಾರ್ಮಾಡಿ ಘಾಟಿ ಹತ್ತಿ ಕೆಳಗಿನ ಸೀಮೆಯಿಂದ ಬಂದವರು. ಇಪ್ಪತ್ತು ವರ್ಷ ಮೇಲಿದ್ದರೂ ಮಾತಿನಲ್ಲಿ ಘಾಟಿಯ ಕೆಳಗಿನ ಎಳೆತ ಹೋಗಿರಲಿಲ್ಲ. ಮಕ್ಕಳಿರಲಿಲ್ಲ. ಅಂಗಡಿಯ ಹಿಂದಿನ ಎರಡು ಕೋಣೆಯಲ್ಲೇ ಗಂಡ ಹೆಂಡತಿಯ ಸಂಸಾರ. ಅವರ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತಿದ್ದೆ.

ಸ್ಟೇಷನ್ನಿನ ಎಲ್ಲರ ಖಾಕಿಯನ್ನೂ ಅವರೇ ಹೊಲಿಯುತ್ತಿದ್ದರು. ಕೋರ್ಟಿರುವ ಊರಿನ ನಾಲ್ಕಾರು ವಕೀಲರೂ ಕರೀ ಕೋಟಿಗೆ ಇಲ್ಲಿಯವರೆಗೆ ಬರುತ್ತಿದ್ದರು. ನಾನು ರೇಗಿಸುತ್ತಿದ್ದೆ, ನಿಮ್ಮ ಕತ್ತರಿ ನಿಂತರೆ ಈ ತಾಲ್ಲೂಕಿನಲ್ಲಿ ಕಾನೂನು ಬೆತ್ತಲೆ ಅಂತ. ಅವರು ನಗುತ್ತಿರಲಿಲ್ಲ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ನಗುವುದು ಹೇಗೆ? ಪಿನ್ನು ತೆಗೆದು ಬಟ್ಟೆಗೆ ಚುಚ್ಚಿದ ಮೇಲೆ ನಿಧಾನಕ್ಕೆ ನಗುತ್ತಿದ್ದರು. ಅಷ್ಟು ಹೊತ್ತಿಗೆ ನಾನು ಬೇರೆ ಮಾತಿಗೆ ಹೋಗಿರುತ್ತಿದ್ದೆ. ಮಳೆಗಾಲದಲ್ಲಿ ಹೊಲಿದ ಖಾಕಿಯ ಥಂಡಿ ಹೋಗದೆ, ಕೆಂಡದ ಇಸ್ತ್ರಿಪೆಟ್ಟಿಗೆಯಿಂದ ಅವರು ಒಂದೊಂದನ್ನೇ ಒತ್ತುತ್ತಾ ಕೂರುತ್ತಿದ್ದರು. ಆ ಹಬೆ ಎರಡು ಅಂಗಡಿಯ ನಡುವಿನ ಹಲಗೆ ಗೋಡೆ ದಾಟಿ ನನ್ನ ಬೂತಿಗೂ ಬರುತ್ತಿತ್ತು.

ಇನ್ನು ಪಂಚರ ವಿಷಯ. ಕಳ್ಳತನದ ಮಾಲನ್ನು ಪೊಲೀಸರು ವಶಕ್ಕೆ ತೆಗೆದುಕೊಳ್ಳುವಾಗ, ಅದು ಎಲ್ಲಿ ಸಿಕ್ಕಿತು, ಹೇಗೆ ಸಿಕ್ಕಿತು ಎಂದು ಸ್ಥಳದಲ್ಲೇ ಬರೆಯಬೇಕು. ಅದಕ್ಕೆ ಮಹಜರು ಅನ್ನುತ್ತಾರೆ. ಅದನ್ನು ಕಣ್ಣಾರೆ ಕಂಡ ಊರಿನ ಇಬ್ಬರು ಕೆಳಗೆ ಸಹಿ ಹಾಕಬೇಕು. ಅವರೇ ಪಂಚರು. ಕಣ್ಣಾರೆ ಕಾಣಬೇಕು ಅನ್ನುವುದು ಕಾನೂನು. ರಸ್ತೆ ದಾಟಿ ಹೋಗಿ ಸಹಿ ಹಾಕಿ ಬರುವುದು ನಮ್ಮ ಪದ್ಧತಿ. ಸ್ಟೇಷನ್ ಎದುರಿಗೆ ಅಂಗಡಿ ಇಟ್ಟಿದ್ದು ನಾವಿಬ್ಬರು. ದಫೇದಾರರು ಗೇಟಿನಲ್ಲಿ ನಿಂತು ಕೈ ಎತ್ತಿದರೆ ಸಾಕು, ಟೈಲರಣ್ಣ ಮೆಷಿನ್ನಿನಿಂದ ಏಳುತ್ತಿದ್ದರು, ನಾನು ಬೂತಿನ ಬಾಗಿಲು ಎಳೆದುಕೊಳ್ಳುತ್ತಿದ್ದೆ. ನೆರೆಮನೆಯವರು ಹೆಪ್ಪಿಗೆ ಮಜ್ಜಿಗೆ ಕೇಳಿದರೆ ಇಲ್ಲ ಅನ್ನುತ್ತೇವಾ? ಹಾಗೇ ಅದು. ಟೀ ಕುಡಿದು, ಪೆನ್ಸಿಲಿನಿಂದ ಗುರುತು ಹಾಕಿದ ಜಾಗದಲ್ಲಿ ಸಹಿ ಹಾಕಿ ವಾಪಸ್ಸು. ಅವರು ವಯಸ್ಸಿನಲ್ಲಿ ಹಿರಿಯರು, ಹಾಗಾಗಿ ಯಾವತ್ತೂ ಮೊದಲನೇ ಪಂಚರು ಅವರು, ಎರಡನೆಯವನು ನಾನು.

ನನಗೆ ಇನ್ನೂ ಒಂದು ಹೆಚ್ಚಿನ ಕೆಲಸವಿತ್ತು. ದಫೇದಾರರ ಅಕ್ಷರ ಕೋಳಿ ಕೆದರಿದ ಹಾಗೆ. ಓದಲಾಗುವುದಿಲ್ಲ ಅಂತ ಒಮ್ಮೆ ಕೋರ್ಟಿನಲ್ಲಿ ಬೈಸಿಕೊಂಡು ಬಂದಿದ್ದರು. ನನ್ನ ಅಕ್ಷರ ಶಾಲೆಯಲ್ಲಿ ಬಹುಮಾನ ಪಡೆದದ್ದು. ಅದು ಅವರಿಗೆ ಗೊತ್ತಾದ ಮೇಲೆ ಅವರು ಹೇಳುವುದು, ನಾನು ಬರೆಯುವುದು. ಮುತ್ತು ಪೋಣಿಸಿದ ಹಾಗಿದೆ ಅಂತ ಸಬ್ ಇನ್ಸ್‌ಪೆಕ್ಟರ್ ಒಂದು ಸಲ ಅಂದಿದ್ದಕ್ಕೆ ನಾನು ಒಂದು ವಾರ ನೆಲದ ಮೇಲೆ ನಡೆಯಲಿಲ್ಲ. ಹೊಗಳಿದರೆ ಹೊಂಡಕ್ಕೂ ಹಾರುವ ಜಾತಿ ನನ್ನದು.

ಆಮೇಲೆ ಕಾಫಿಗೆ ರೇಟು ಬಂತು. ಕಂಡು ಕೇಳರಿಯದ ರೇಟು. ನಿನ್ನೆ ಸೈಕಲ್ಲಿನಲ್ಲಿದ್ದವರು ಇವತ್ತು ಜೀಪಿಗೆ ಬಂದರು. ಅದರ ಹಿಂದೆಯೇ ಕಣದಿಂದ ಕಾಫಿ ಮಾಯವಾಗುವುದೂ ಶುರುವಾಯಿತು. ಇವತ್ತು ಒಣಗಲು ಹಾಕಿದ್ದು ನಾಳೆಗೆ ಎರಡು ಮೂಟೆ ಕಡಿಮೆ. ನಮ್ಮ ಎರಡು ಅಂಗಡಿಗಳ ನಡುವೆ ಜಗಲಿಯಲ್ಲಿ ಒಂದು ಬೆಂಚಿತ್ತು. ಫೋನಿಗೆ ಕಾಯುವವರು, ಬಸ್ಸಿಗೆ ಕಾಯುವವರು, ಸುಮ್ಮನೆ ಬಂದವರು ಎಲ್ಲ ಕೂರುವ ಬೆಂಚು. ಆ ವರ್ಷ ಅಲ್ಲಿ ಬೇರೆ ಮಾತೇ ಇಲ್ಲ. ಕಳ್ಳನಿಗೆ ಜಾಮೀನು ಯಾಕೆ, ವಕೀಲ ಯಾಕೆ, ಹಕ್ಕು ಅಂದರೆ ಯಾರಿಗೆ, ಕದ್ದವನಿಗಾ ಕಳಕೊಂಡವನಿಗಾ... ಎಲ್ಲರಿಗಿಂತ ಗಟ್ಟಿ ಗಂಟಲು ನನ್ನದೇ. ನಾಲ್ಕು ಬಾರಿಸಿ ಕೈ ಮುರಿದರೆ ಮುಂದಿನವನು ಕಲಿಯುತ್ತಾನೆ, ಕೋರ್ಟು ಕಚೇರಿ ಎಲ್ಲ ಸುಮ್ಮನೆ ದಂಡ ಅಂತ ನಾನು ಹೇಳಿದರೆ ಬೆಂಚಿಗೆ ಬೆಂಚೇ ತಲೆಯಾಡಿಸುತ್ತಿತ್ತು. ಟೈಲರಣ್ಣ ಮಾತ್ರ ಒಂದು ಸಲ ಕೇಳಿದರು, ಕೈ ಮುರಿದ ಮೇಲೆ ಕದ್ದದ್ದು ಅವನಲ್ಲ ಅಂತ ಗೊತ್ತಾದರೆ ಆ ಕೈಯನ್ನು ಯಾರ ಹತ್ತಿರ ಹೊಲಿಸುವುದು ಅಂತ. ನಿಮ್ಮ ಹತ್ತಿರವೇ ಅಂದೆ ನಾನು. ಎಲ್ಲರೂ ನಕ್ಕರು.

ಆ ಸುಗ್ಗಿಯಲ್ಲಿ ಹತ್ತಿರದ ಒಂದು ಎಸ್ಟೇಟಿನ ಕಣದಿಂದ ಎರಡು ಮೂಟೆ ಪಾರ್ಚ್‌ಮೆಂಟ್ ಹೋಯಿತು. ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಕಾಫಿ, ಬೆಲೆ ಇರುವುದೇ ಅದಕ್ಕೆ. ಅಲ್ಲಿ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯಲ್ಲಿ ಕೆಲಸ ಮಾಡುವ ಒಬ್ಬಾತನ ಮೇಲೆ ಗುಮಾನಿ ಬಂತು. ಮೂವತ್ತರ ಒಳಗಿನ ವಯಸ್ಸು, ಎಸ್ಟೇಟಿನವರು ಕೂಲಿಯವರಿಗೆ ಕಟ್ಟಿಸಿದ ಲೈನ್ ಮನೆಯಲ್ಲಿ ವಾಸ, ಹೆಂಡತಿ, ಒಂದು ಮಗು. ಒಂದು ಸೋಮವಾರ ಬೆಳಿಗ್ಗೆ ಅವನನ್ನು ತಂದು ಸ್ಟೇಷನ್ ಜಗಲಿಯಲ್ಲಿ ಕೂರಿಸಿದರು. ನಾವಿಬ್ಬರೂ ನೋಡಿದೆವು. ಸೋಮವಾರ ಇಡೀ ದಿನ ಅಲ್ಲೇ ಇದ್ದ. ಮಂಗಳವಾರವೂ ಇದ್ದ. ಮಂಗಳವಾರ ಸಂಜೆ ಎಸ್ಟೇಟಿನ ಜೀಪು ಬಂತು, ಮೇಸ್ತ್ರಿ ಎರಡು ಮೂಟೆ ಇಳಿಸಿ ಒಳಗಿಟ್ಟ. ಅದನ್ನೂ ನೋಡಿದೆವು. ನೋಡದೇ ಇರಲು ರಸ್ತೆ ಎಷ್ಟು ಅಗಲ, ಹದಿನೈದು ಹೆಜ್ಜೆ.

ಬುಧವಾರ ಹತ್ತು ಗಂಟೆಗೆ ದಫೇದಾರರು ಕೈ ಎತ್ತಿದರು. ನಾನು ಕೂತು ಬರೆದೆ. ಇವತ್ತು ಬೆಳಿಗ್ಗೆ ಏಳು ಗಂಟೆಗೆ ಪಂಚರಾದ ನಮ್ಮ ಸಮಕ್ಷಮ ಆರೋಪಿಯು ತಾನಾಗಿಯೇ ಮುಂದೆ ಹೋಗಿ, ಪೂರ್ವಕ್ಕೆ ಬಾಗಿಲಿರುವ ತನ್ನ ಲೈನ್ ಮನೆಯನ್ನು ತೋರಿಸಿ, ಮಂಚದ ಕೆಳಗೆ ಹುಲ್ಲಿನಲ್ಲಿ ಮುಚ್ಚಿಟ್ಟಿದ್ದ ಎರಡು ಮೂಟೆಗಳನ್ನು ಹೊರಗೆ ತೆಗೆದು ಹಾಜರುಪಡಿಸಿದ್ದು... ಇಷ್ಟುದ್ದ. ಹುಲ್ಲು ಅನ್ನುವುದು ದಫೇದಾರರಿಗೆ ಆಗ ತಾನೇ ಹೊಳೆದದ್ದು. ಬರೆದಾದ ಮೇಲೆ ಟೈಲರಣ್ಣ ಓದಿ ಹೇಳು ಅಂದರು. ಹಿಂದೆ ಯಾವತ್ತೂ ಕೇಳಿದವರಲ್ಲ. ನಾನು ಓದಿದೆ, ರಾಗವಾಗಿಯೇ ಓದಿದೆ.

"ನಾವು ಅಲ್ಲಿಗೆ ಹೋಗ್ಲಿಲ್ಲ ಅಲ್ವಾ ದಫೇದಾರ್ರೇ?" ಅಂದರು ಟೈಲರಣ್ಣ.

"ಹೋದಂಗೇ ಬಿಡಿ ಟೈಲರೇ. ಅವ್ನೇ ಒಪ್ಕಂಡಾನೆ. ಟೀ ಆರ್ತದೆ, ಕುಡೀರಿ."

ಆತ ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು ನಮ್ಮನ್ನೇ ನೋಡುತ್ತಿದ್ದ. ಟೈಲರಣ್ಣ ಲೋಟ ಕೆಳಗಿಟ್ಟರು, ಪೆನ್ನು ತೆಗೆದುಕೊಂಡರು, ಸಹಿ ಹಾಕಿದರು. ಅವರ ಕೆಳಗೆ ನಾನು ಹಾಕಿದೆ. ರಸ್ತೆ ದಾಟಿ ಬಂದೆವು.

ಅಲ್ಲಿಗೆ ಮುಗಿಯಬೇಕಿತ್ತು, ಹಿಂದಿನ ಇಪ್ಪತ್ತು ಮಹಜರುಗಳು ಮುಗಿದ ಹಾಗೆ. ಆದರೆ ಒಂದು ವಾರದ ನಂತರ ಆತನ ಹೆಂಡತಿ ಬಂದಳು, ಮಗುವನ್ನು ಸೊಂಟಕ್ಕೇರಿಸಿಕೊಂಡು. ಎಸ್ಟೇಟಿನವರು ಕಳ್ಳನ ಸಂಸಾರ ಅಂತ ಲೈನ್ ಮನೆ ಬಿಡಿಸಿದ್ದರು. ಗೋಣಿಬೀಡಿನ ಹತ್ತಿರ ಯಾರೋ ದೂರದ ನೆಂಟರ ಮನೆಯಲ್ಲಿದ್ದಾಳಂತೆ. ಕಾಗದದಲ್ಲಿರುವುದನ್ನು ವಕೀಲರು ಓದಿ ಹೇಳಿದ್ದರಂತೆ. ಜಗಳಕ್ಕೇನೂ ಬಂದಿರಲಿಲ್ಲ. ಟೈಲರಣ್ಣನ ಅಂಗಡಿಯ ಮೆಟ್ಟಿಲ ಕೆಳಗೇ ನಿಂತು, ದಾರಿ ಕೇಳುವವಳ ಹಾಗೆ ಕೇಳಿದಳು.

"ಅಣ್ಣಾರೇ, ನೀವು ನಮ್ಮ ಲೈನಿಗೆ ಬಂದಿದ್ರಂತಲ್ಲ. ನಾನು ಮನೇಲೇ ಇದ್ದೆ. ನಂಗೆ ಕಾಣ್ಲೇ ಇಲ್ಲ. ನಮ್ಮನೇಲಿ ಮಂಚ ಇಲ್ಲಣ್ಣಾರೇ."

ಟೈಲರಣ್ಣ ಮೆಷಿನ್ನು ನಿಲ್ಲಿಸಿದರು. ಅವಳು ಸ್ವಲ್ಪ ಹೊತ್ತು ನಿಂತು, ನನ್ನ ಕಡೆಗೂ ಒಮ್ಮೆ ನೋಡಿ ಹೊರಟಳು. ನಾನು ಕಿವಿಗೆ ರಿಸೀವರ್ ಇಟ್ಟುಕೊಂಡು, ಆಚೆ ಯಾರೂ ಇಲ್ಲದ ಫೋನಿನಲ್ಲಿ ಹಲೋ ಹಲೋ ಅನ್ನುತ್ತಿದ್ದೆ. ನಾಚಿಕೆಗೆಟ್ಟವನು!

ಅವತ್ತಿನಿಂದ ಅವರು ಬದಲಾದರು. ದಫೇದಾರರು ಕೈ ಎತ್ತಿದರೆ, ಕೈಯಲ್ಲಿ ಕೆಲಸ ಉಂಟು ಅನ್ನುತ್ತಿದ್ದರು. ಎರಡು ಸಲ ಹಾಗೆ ಅಂದ ಮೇಲೆ ಅವರನ್ನು ಕರೆಯುವುದು ಬಿಟ್ಟರು. ನಾನು ಹೋಗುತ್ತಲೇ ಇದ್ದೆ. ಆ ಮನುಷ್ಯ ಜೈಲಿನೊಳಗೇ ಇದ್ದ. ಜಾಮೀನು ಸಿಕ್ಕಿತ್ತಂತೆ, ಆದರೆ ಜಾಮೀನಿಗೆ ನಿಲ್ಲುವವರು ಪಹಣಿ ಹಿಡಿದು ಬರಬೇಕು. ಲೈನ್ ಮನೆಯವರಿಗೆ ಪಹಣಿ ಇರುವ ನೆಂಟರು ಎಲ್ಲಿಂದ ಬರಬೇಕು? ಟೈಲರಣ್ಣ ತಾವೇ ನಿಲ್ಲುತ್ತೇನೆ ಅಂತ ವಕೀಲರನ್ನು ಕೇಳಿದ್ದರು. ಜಮೀನು ಇಲ್ಲದವರು, ಅದರ ಮೇಲೆ ಸರ್ಕಾರದ ಕಡೆ ಸಾಕ್ಷಿ, ನೀವು ಹೇಗೆ ನಿಲ್ಲುತ್ತೀರಿ ಅಂತ ವಕೀಲರು ನಕ್ಕು ಕಳಿಸಿದ್ದರು.

ವರ್ಷ ತುಂಬುವ ಹೊತ್ತಿಗೆ ನಮಗೆ ಸಮನ್ಸ್ ಬಂತು. ಇಬ್ಬರಿಗೂ ಒಂದೇ ದಿನ. ಬೆಳಿಗ್ಗೆ ಏಳರ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು ಹೋದೆವು. ಮಂಜು ಇನ್ನೂ ಬಿಟ್ಟಿರಲಿಲ್ಲ, ಡ್ರೈವರ್ ಲೈಟು ಹಾಕಿಕೊಂಡೇ ಓಡಿಸುತ್ತಿದ್ದ. ಅವರು ಇಸ್ತ್ರಿ ಮಾಡಿದ ಬಿಳೀ ಅಂಗಿ ಹಾಕಿದ್ದರು. ಅರ್ಧ ದಾರಿಯವರೆಗೂ ಕಿಟಕಿಯ ಗಾಜಿನ ಮಂಜನ್ನು ಒರೆಸುತ್ತಾ ಕೂತಿದ್ದರು. ಆಮೇಲೆ ಹೊರಗೆ ನೋಡುತ್ತಲೇ ಹೇಳಿದರು.

"ಅವ ಕದ್ದಿದ್ದಾನೋ ಇಲ್ವೋ ನಂಗೆ ಗೊತ್ತಿಲ್ಲ ಮಾರಾಯ. ಕದ್ದಿರ್ಲಿಕ್ಕೂ ಸಾಕು. ನಾವು ನೋಡ್ಲಿಲ್ಲ ಅಂತ ಮಾತ್ರ ಗೊತ್ತುಂಟು. ಗೊತ್ತಿದ್ದದ್ದು ಹೇಳುವ. ಇಬ್ರೂ ಹೇಳಿದ್ರೆ ಕೋರ್ಟು ಕೇಳ್ತದೆ. ಒಬ್ಬ ಹೇಳಿದ್ರೆ ಅವನನ್ನು ಯಾರೋ ಕೊಂಡ್ಕೊಂಡಿದ್ದಾರೆ ಅಂತಾರೆ."

ಆಯಿತು ಅಂದೆ. ನಾನು ಆಯಿತು ಅಂದದ್ದು ಸುಳ್ಳಲ್ಲ. ಆ ಕ್ಷಣಕ್ಕೆ ನಿಜವಾಗಿಯೂ ಹೇಳುವ ಅಂತಲೇ ಇದ್ದೆ. ಮಹಜರು ಬರೆದದ್ದು ನಾನಲ್ವಾ, ಅದನ್ನೂ ಕೇಳುತ್ತಾರಾ ಅಂದೆ. ಕೇಳಿದರೆ ಅದನ್ನೂ ಹೇಳು, ಹೇಳಿ ಬರೆಸಿದರು ಅಂತ ಹೇಳು, ಬರೆದವನೇ ಹೇಳಿದ ಮೇಲೆ ಇನ್ನೇನುಂಟು ಅಂದರು. ಅವರಿಗೆ ಅದು ಅಷ್ಟು ಸಲೀಸು.

ಕೋರ್ಟಿನಲ್ಲಿ ಒಬ್ಬ ಸಾಕ್ಷಿಯ ಮಾತು ಇನ್ನೊಬ್ಬನ ಕಿವಿಗೆ ಬೀಳಬಾರದು. ಒಬ್ಬರನ್ನು ಒಳಗೆ ಕರೆದರೆ ಇನ್ನೊಬ್ಬರು ಹೊರಗೆ. ಜವಾನ ಟೈಲರಣ್ಣನ ಹೆಸರನ್ನು ಮೂರು ಸಲ ಕೂಗಿದ. ಅವರು ಚಪ್ಪಲಿ ಬಾಗಿಲಲ್ಲಿ ಬಿಟ್ಟು ಒಳಗೆ ಹೋದರು. ಯಾರೂ ಬಿಡಲು ಹೇಳಿರಲಿಲ್ಲ. ನಾನು ವರಾಂಡದಲ್ಲಿ ಕಂಬಕ್ಕೆ ಒರಗಿ ನಿಂತಿದ್ದೆ. ದಫೇದಾರರು ಬಂದು ಪಕ್ಕದಲ್ಲಿ ನಿಂತರು. ಹೆದರಿಸಲಿಲ್ಲ, ಹೆದರಿಸಿದರು ಅಂತ ಹೇಳಿಕೊಳ್ಳುವ ಸಮಾಧಾನವೂ ನನಗಿಲ್ಲ. ಊಟಕ್ಕೆ ಯಾವ ಹೋಟೆಲ್ಲು ವಾಸಿ ಅಂತ ಕೇಳಿದರು. ಬೂತು ಹೇಗೆ ನಡೀತಾ ಇದೆ ಅಂತ ಕೇಳಿದರು. ನಿನ್ನ ಅಕ್ಷರ ನೋಡಿ ಸರ್ಕಾರಿ ವಕೀಲರೇ ಮೆಚ್ಚಿದರು ಮಾರಾಯ ಅಂದರು. ಅಷ್ಟೇ.

ಅರ್ಧ ಗಂಟೆಗೂ ಮೇಲಾಯಿತು. ಬಾಗಿಲು ತೆರೆದು ಅವರು ಬಂದಾಗ ಬೆವರಿದ್ದರು. ಆ ಚಳಿಯಲ್ಲಿ ಬಿಳೀ ಅಂಗಿ ಬೆನ್ನಿಗೆ ಅಂಟಿತ್ತು. ನಮ್ಮಿಬ್ಬರ ಮಧ್ಯೆ ಮಾತು ಬೇಡ ಅಂತ ಜವಾನ ಕೈ ಅಡ್ಡ ಹಿಡಿದ. ಟೈಲರಣ್ಣ ನನ್ನನ್ನು ನೋಡಿ ಒಮ್ಮೆ ತಲೆಯಾಡಿಸಿದರು, ಹೋಗು, ಏನೂ ಇಲ್ಲ ಅನ್ನುವ ಹಾಗೆ. ಮಗುವನ್ನು ಮೊದಲ ದಿನ ಶಾಲೆಗೆ ಬಿಡುವವರು ಹಾಗೆ ಮಾಡುತ್ತಾರೆ.

ಒಳಗೆ ಮಹಜರನ್ನು ನನ್ನ ಮುಂದೆ ಹಿಡಿದರು. ನನ್ನ ಅಕ್ಷರ ನನ್ನನ್ನೇ ನೋಡುತ್ತಿತ್ತು. ಇದು ನಿಮ್ಮ ಸಹಿಯಾ ಅಂದರು. ಹೌದು ಅಂದೆ. ಇದರಲ್ಲಿರುವಂತೆ ಆರೋಪಿ ನಿಮ್ಮ ಎದುರಿಗೆ ಮಾಲು ತೆಗೆದುಕೊಟ್ಟಿದ್ದು ಸರಿಯಾ ಅಂದರು. ನಾನು ತಲೆ ಎತ್ತಿದೆ. ಎದುರಿಗೆ ಮ್ಯಾಜಿಸ್ಟ್ರೇಟರು, ಪಕ್ಕದಲ್ಲಿ ಟೈಪು ಮಾಡುವ ಹೆಣ್ಣುಮಗಳು, ಬೆರಳು ಕೀಲಿಯ ಮೇಲಿಟ್ಟು ನನ್ನ ಬಾಯನ್ನೇ ನೋಡುತ್ತಿದ್ದಾಳೆ. ಕಟಕಟೆಯಲ್ಲಿ ಆ ಮನುಷ್ಯ. ಒಂದು ವರ್ಷದಲ್ಲಿ ಅವನ ಕುತ್ತಿಗೆ ಸಣ್ಣಗಾಗಿತ್ತು. ಅವನೂ ನನ್ನ ಬಾಯನ್ನೇ ನೋಡುತ್ತಿದ್ದ.

ಹೌದು ಅಂದೆ.

ಒಮ್ಮೆ ಹೌದು ಅಂದ ಮೇಲೆ ಉಳಿದದ್ದೆಲ್ಲ ಇಳಿಜಾರು. ಮಂಚ? ಹೌದು. ಹುಲ್ಲು? ಹೌದು. ಅವನ ಕಡೆಯ ವಕೀಲರು ಎದ್ದು, ನೀವು ಅಲ್ಲಿಗೆ ಹೋಗೇ ಇಲ್ಲ, ಸ್ಟೇಷನ್ನಿನಲ್ಲಿ ಸಹಿ ಹಾಕಿದ್ದೀರಿ ಅಂದರೆ ಏನು ಹೇಳುತ್ತೀರಿ ಅಂತ ಕೇಳಿದರು. ಸರಿಯಲ್ಲ ಅಂದೆ. ಬರೆದದ್ದು ಯಾರು ಅಂತ ನನ್ನನ್ನು ಯಾರೂ ಕೇಳಲಿಲ್ಲ. ಹೆಚ್ಚೆಂದರೆ ಹತ್ತು ನಿಮಿಷ. ಯಾಕೆ ಹಾಗೆ ಹೇಳಿದೆ ಅಂತ ಇಷ್ಟು ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ಬೂತಿನ ಲೈಸೆನ್ಸಿಗೆ ತೊಂದರೆ ಬರುತ್ತದೆ ಅಂತಲೋ, ಬರೆದವನು ನಾನೇ ಅಂತ ತಿಳಿದರೆ ನನ್ನನ್ನೇ ಒಳಗೆ ಹಾಕುತ್ತಾರೆ ಅಂತಲೋ ಕಾರಣ ಹುಡುಕಿದ್ದೇನೆ. ಇವು ಯಾವುವೂ ಆ ಹೊತ್ತಿನಲ್ಲಿ ತಲೆಯಲ್ಲಿರಲಿಲ್ಲ. ಹೆದರಿಕೆ ಇತ್ತು. ದೊಡ್ಡವರು ಕೇಳಿದ್ದಕ್ಕೆ ಹೌದು ಅನ್ನುವ ರೂಢಿ ಇತ್ತು. ಅಷ್ಟಕ್ಕೇ ಒಬ್ಬ ಮನುಷ್ಯ ಜೈಲಿನಲ್ಲೇ ಉಳಿದ.

ಹೊರಗೆ ಬಂದಾಗ ಟೈಲರಣ್ಣ ಮೆಟ್ಟಿಲ ಮೇಲೆ ಕಾಯುತ್ತಿದ್ದರು. ನನ್ನ ಮುಖ ನೋಡಿದರು. ಮುಖದಲ್ಲಿ ಎಲ್ಲ ಬರೆದಿತ್ತೋ ಏನೋ, ಏನೂ ಕೇಳಲಿಲ್ಲ. ಊಟ ಮಾಡುವ ಅಂದರು. ಹೋಟೆಲ್ಲಿನಲ್ಲಿ ಎದುರು ಬದುರು ಕೂತು ಊಟ ಮಾಡಿದೆವು. ಅವರು ಅನ್ನಕ್ಕೆ ಸಾರು ಕಲಸಿ ಹಾಗೇ ಬಿಟ್ಟರು. ನಾನು ಪೂರ್ತಿ ತಿಂದೆ. ವಾಪಸ್ಸು ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಅವರು ಹಿಂದೆ ಹೋಗಿ ಕೂತರು.

ಆತನಿಗೆ ಎರಡು ವರ್ಷ ಶಿಕ್ಷೆಯಾಯಿತು. ಊರಿನಲ್ಲಿ ಟೈಲರಣ್ಣ ಕೋರ್ಟಿನಲ್ಲಿ ಉಲ್ಟಾ ಹೊಡೆದರು ಅಂತ ಸುದ್ದಿ. ಕೂಲಿಯವರಿಂದ ಏನು ಸಿಕ್ಕಿತಂತೆ, ವಯಸ್ಸಾದ ಮೇಲೆ ಯಾಕೆ ಬೇಕಿತ್ತು, ಎಲ್ಲರೂ ಒಂದೊಂದು ಮಾತು. ಖಾಕಿ ಬರುವುದು ನಿಂತಿತು. ಅಳತೆ ಕೊಟ್ಟು ಇನ್ನೂ ಹೊಲಿಯದೇ ಉಳಿದಿದ್ದ ಬಟ್ಟೆಯನ್ನೂ ಪೊಲೀಸಿನವರೊಬ್ಬರು ಬಂದು ವಾಪಸ್ಸು ಒಯ್ದರು. ಎಸ್ಟೇಟಿನ ಜೀಪುಗಳು ಅಂಗಡಿ ಮುಂದೆ ನಿಲ್ಲುವುದು ಬಿಟ್ಟವು. ಬೆಂಚಿನ ಮೇಲೆ ಕೂರುವವರು ಮೆಲ್ಲಗೆ ನನ್ನ ಬಾಗಿಲ ಕಡೆಗೆ ಸರಿದು ಕೂತರು. ಸತ್ಯಕ್ಕೆ ಸಾವಿಲ್ಲ ಅಂತಾರೆ. ಇರಬಹುದು, ಆದರೆ ಅದನ್ನು ಆಡಿದವರಿಗೆ ಹೊಟ್ಟೆ ಇರುತ್ತದಲ್ಲ.

ನಾನು ಅವರ ಹತ್ತಿರ ಒಂದು ಮಾತೂ ಆಡಲಿಲ್ಲ. ಆಡಬೇಕು ಅಂತ ಬೆಳಿಗ್ಗೆ ಅಂದುಕೊಳ್ಳುವುದು, ಸಂಜೆ ಬಾಗಿಲು ಹಾಕುವುದು. ಹಲಗೆ ಗೋಡೆಯ ಆಚೆ ಅವರು ಕೆಮ್ಮಿದರೂ ಕೇಳಿಸುತ್ತಿತ್ತು. ಒಂದು ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಮಿನಿ ಲಾರಿ ಬಂತು. ಎರಡು ಮೆಷಿನ್ನು, ಒಂದು ಕಪಾಟು, ಪಾತ್ರೆಯ ಚೀಲ. ಅಕ್ಕ ಮುಂದೆ ಕೂತರು. ಟೈಲರಣ್ಣ ನನ್ನ ಬಾಗಿಲಿಗೆ ಬಂದು, ಬರ್ತೇನೆ ಮಾರಾಯ, ಕೆಳಗೆ ಬಂದ್ರೆ ಮನೆಗೆ ಬಾ ಅಂದರು. ಬರ್ತೀನಿ ಟೈಲರಣ್ಣ ಅಂದೆ. ಅದನ್ನೂ ಸುಳ್ಳು ಮಾಡಿದೆ.

ಅವರು ಹೋದ ಮೇಲೆ ನಾನೊಂದು ಝೆರಾಕ್ಸ್ ಮೆಷಿನ್ನು ತಂದು ಬೆಂಚಿದ್ದ ಜಾಗದಲ್ಲಿ ಇಟ್ಟೆ. ಕೆಲವು ತಿಂಗಳಿಗೆ ವಕೀಲರ ಗುಮಾಸ್ತರೊಬ್ಬರು ಒಂದು ಕಟ್ಟು ಕಾಗದ ತಂದರು. ಮೇಲಿನ ಕೋರ್ಟಿಗೆ ಅಪೀಲಂತೆ, ಮೂರು ಪ್ರತಿ ಬೇಕಂತೆ. ಕಟ್ಟು ಬಿಚ್ಚಿದರೆ ಅದೇ ಕೇಸು. ಗುಮಾಸ್ತರು ಟೀಗೆ ಹೋದರು. ಮೆಷಿನ್ನು ಒಂದೊಂದೇ ಹಾಳೆ ಬೆಚ್ಚಗೆ ಉಗುಳುತ್ತಿತ್ತು, ನಾನು ಒಂದೊಂದೇ ಓದಿದೆ. ಟೈಲರಣ್ಣನ ಸಾಕ್ಷ್ಯ ನಾಲ್ಕು ಪುಟ ಇತ್ತು. ಸೋಮವಾರದಿಂದ ಆತ ಸ್ಟೇಷನ್ನಿನಲ್ಲಿದ್ದದ್ದು, ಜೀಪಿನಲ್ಲಿ ಮೂಟೆ ಬಂದದ್ದು, ಟೀ ಕುಡಿದದ್ದು, ಎಲ್ಲವನ್ನೂ ಹೇಳಿದ್ದರು. ತಾನು ಓದಿಸಿ ಕೇಳಿಯೂ ಸಹಿ ಹಾಕಿದ್ದು ತನ್ನ ತಪ್ಪು ಅಂತಲೂ ಹೇಳಿದ್ದರು. ಆಮೇಲೆ ಸರ್ಕಾರಿ ವಕೀಲರು ಕೇಳಿದ್ದಾರೆ, ಹಾಗಾದರೆ ಸ್ಟೇಷನ್ನಿನಲ್ಲಿ ಕೂತು ಇದನ್ನು ಬರೆದವರು ಯಾರು?

ನನಗೆ ಗೊತ್ತಿಲ್ಲ.

ನಿಮ್ಮ ಎದುರಿಗೇ ಬರೆದರು ಅನ್ನುತ್ತೀರಿ, ಬರೆದವರು ಯಾರೆಂದು ಗೊತ್ತಿಲ್ಲವೇ?

ಗೊತ್ತಿಲ್ಲ. ನಾನು ನೋಡಲಿಲ್ಲ.

ಕೆಳಗೆ ತೀರ್ಪಿನ ಹಾಳೆ. ಮಹಜರು ಯಾರ ಬರಹ ಎಂಬುದನ್ನೂ ಹೇಳಲಾಗದ ಮೊದಲನೇ ಪಂಚನು ಯಾವುದೋ ಒತ್ತಡಕ್ಕೆ ಸಿಲುಕಿ ಸುಳ್ಳು ಹೇಳುತ್ತಿರುವುದು ಸ್ಪಷ್ಟ, ಎರಡನೇ ಪಂಚನ ಸಾಕ್ಷ್ಯ ಸಹಜವಾಗಿದ್ದು ನಂಬಲರ್ಹ ಅಂತ ಇತ್ತು. ಗುಮಾಸ್ತರು ಬಂದು, ಮೆಷಿನ್ನು ಖಾಲಿ ಓಡ್ತಾ ಇದೆಯಲ್ಲ ಮಾರಾಯ ಅಂದರು. ನೋಡಿದರೆ ಬಿಳೀ ಹಾಳೆಗಳೇ ಬರುತ್ತಿದ್ದವು. ಅಪೀಲು ಮುಗಿಯುವ ಮೊದಲೇ ಆತ ಶಿಕ್ಷೆ ಮುಗಿಸಿ ಹೊರಗೆ ಬಂದ. ಹೆಂಡತಿ ಮಗುವನ್ನು ಕರೆದುಕೊಂಡು ಎಲ್ಲಿಗೋ ಹೋದನಂತೆ. ಎಲ್ಲಿಗೆ ಅಂತ ನಾನು ವಿಚಾರಿಸಲಿಲ್ಲ.

ಕೆಳಗೆ ಹೋಗಲು ನನಗೆ ಏಳೆಂಟು ವರ್ಷ ಬೇಕಾಯಿತು. ಅಷ್ಟರಲ್ಲಿ ಮೊಬೈಲು ಬಂದು ಬೂತು ಮುಚ್ಚಿತ್ತು. ಕೇಳಿಕೊಂಡು ಕೇಳಿಕೊಂಡು ಮನೆ ಹುಡುಕಿದೆ. ಅಕ್ಕ ಒಬ್ಬರೇ ಇದ್ದರು. ಟೈಲರಣ್ಣ ತೀರಿಹೋಗಿ ಎರಡು ವರ್ಷ ಆಗಿತ್ತು. ಬೆಲ್ಲ ನೀರು ಕೊಟ್ಟರು, ಮನೆಯವಳನ್ನು ವಿಚಾರಿಸಿದರು, ಮಕ್ಕಳೆಷ್ಟು ಅಂದರು. ಕೊನೆಗೆ ನಾನು ಆ ವಿಷಯ ಎತ್ತಿದೆ. ಬರೆದದ್ದು ನಾನು ಅಂತ ಟೈಲರಣ್ಣನಿಗೆ ಗೊತ್ತಿತ್ತು, ಆದರೂ ಯಾಕೆ ಹೇಳಲಿಲ್ಲ ಅಕ್ಕ ಅಂದೆ.

ಅವರು ಸ್ವಲ್ಪ ಹೊತ್ತು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದರು.

"ನಿಮ್ಮ ಬಾಯಿಂದಲೇ ಬರ್ಲಿ ಅಂತ ಬಿಟ್ಟದ್ದಂತೆ. ನಾನು ಹೇಳಿದ್ರೆ ಅವ ಸಿಕ್ಕಿಬಿದ್ದ ಹಾಗೆ ಆಗ್ತದೆ, ಅವನೇ ಹೇಳಿದ್ರೆ ಅವನ ಮರ್ಯಾದೆ ಉಳೀತದೆ, ಹೇಗೂ ನನ್ನ ನಂತರ ಅವನೇ ಅಲ್ವಾ, ಅಂತ ಇವ್ರು ಹೇಳ್ತಿದ್ರು."

ಅಕ್ಕ ಮುಂದುವರಿಸಿದರು. ನಿಮ್ಮನ್ನು ಒಂದು ದಿನವೂ ಬೈದವರಲ್ಲ. ಆ ಒಂದು ಗೊತ್ತಿಲ್ಲ ಅಂದದ್ದಕ್ಕೆ ತನ್ನನ್ನೇ ಬೈದುಕೊಳ್ಳುತ್ತಿದ್ದರು, ನನ್ನ ಒಂದು ಸುಳ್ಳಿನಿಂದ ಆ ಹುಡುಗ ಒಳಗೇ ಉಳಿದ ಅಂತ. ಕೊನೆಕೊನೆಗೆ ಜ್ವರದಲ್ಲೂ ಅದೇ ಮಾತು ಅಂದರು.

ವಾಪಸ್ಸು ಘಾಟಿ ಹತ್ತುವಾಗ ಬಸ್ಸಿನಲ್ಲಿ ನಾನು ಅತ್ತೆ. ಪಕ್ಕದವರು ವಾಂತಿ ಬರುತ್ತದಾ ಅಂತ ಕೇಳಿ ಕಿಟಕಿ ಸೀಟು ಬಿಟ್ಟುಕೊಟ್ಟರು. ಟೈಲರಣ್ಣ ಅದೊಂದು ಭಾರವನ್ನು ತನ್ನದು ಅಂತ ಹೊತ್ತುಕೊಂಡೇ ಹೋದರಲ್ಲ... ಅದು ನನ್ನದು ಅಂತ ನಾನು ಒಂದು ಕಾರ್ಡು ಬರೆದಿದ್ದರೂ ಸಾಕಿತ್ತು.

ಈಗ ನನ್ನದು ಅದೇ ಜಾಗದಲ್ಲಿ ಝೆರಾಕ್ಸ್, ಆನ್‌ಲೈನ್ ಅರ್ಜಿಯ ಅಂಗಡಿ. ಟಿವಿಯಲ್ಲಿ ಕಾನೂನು, ಹಕ್ಕು, ಎನ್‌ಕೌಂಟರ್ ಅಂತ ಜನ ಕಿರುಚಾಡಿದರೆ ನಾನು ಚಾನೆಲ್ ಬದಲಿಸುತ್ತೇನೆ. ಅಂಗಡಿಗೆ ಬಂದವರು ಕಳ್ಳರನ್ನು ಏನು ಮಾಡಬೇಕು ಅಂತ ಮಾತು ತೆಗೆದರೆ ಎದ್ದು ಒಳಗೆ ಹೋಗುತ್ತೇನೆ. ಮುಂಚೆ ಎಷ್ಟು ಮಾತಾಡುತ್ತಿದ್ದಿರಿ, ಈಗ ಯಾಕೆ ಹೀಗಾದಿರಿ ಅಂತ ಹಳಬರು ಕೇಳುತ್ತಾರೆ. ವಯಸ್ಸು ಅನ್ನುತ್ತೇನೆ. ಈ ಕಥೆಯನ್ನು ಮನೆಯವಳಿಗೂ ಹೇಳಿಲ್ಲ. ಹೇಳಬಹುದಾಗಿದ್ದ ಒಬ್ಬರು ಇಲ್ಲ.

ಹೋದ ತಿಂಗಳು ಹೊಸದಾಗಿ ಬಂದ ಒಬ್ಬ ಪೊಲೀಸ್ ಹುಡುಗ ರಸ್ತೆ ದಾಟಿ ಬಂದ. ಅಂಕಲ್, ಒಂದು ಮಹಜರಿಗೆ ಸೈನ್ ಬೇಕಿತ್ತು, ಎರಡೇ ನಿಮಿಷ ಅಂದ. ನಾನು ನೋಡಿಲ್ಲ, ಹಾಕುವುದಿಲ್ಲ. ಅಷ್ಟು ಹೇಳಿದರೆ ಸಾಕಿತ್ತು. ಟೈಲರಣ್ಣನಾಗಿದ್ದರೆ ಪಿನ್ನು ಬಾಯಿಂದ ತೆಗೆದು ಹೇಳುತ್ತಿದ್ದರು. ನಾನು ಕೈ ನಡುಗುತ್ತದೆ ಮಗ, ಸೈನ್ ಸರಿ ಬರಲ್ಲ ಅಂದೆ. ನನ್ನ ಕೈ ನಡುಗುವುದಿಲ್ಲ. ಪರವಾಗಿಲ್ಲ ಅಂಕಲ್ ಅಂತ ಅವನು ಪಕ್ಕದ ಮೊಬೈಲ್ ಅಂಗಡಿಗೆ ಹೋದ. ಟೈಲರಣ್ಣನ ಅಂಗಡಿಯೇ ಅದು. ಅಲ್ಲಿಯವನು ಒಳ್ಳೆಯ ಹುಡುಗ, ನನಗೆ ತುಂಬಾ ಮರ್ಯಾದೆ ಕೊಡುತ್ತಾನೆ. ನಗುತ್ತಾ ಎದ್ದು, ಅಂಗಡಿ ಸ್ವಲ್ಪ ನೋಡ್ಕಳಿ ಅಂಕಲ್ ಅಂತ ನನಗೇ ಹೇಳಿ ರಸ್ತೆ ದಾಟಿದ. ಹದಿನೈದು ಹೆಜ್ಜೆ. ಅಷ್ಟರಲ್ಲಿ ಅವನನ್ನು ಕೂಗಿ ನಿಲ್ಲಿಸಬಹುದಿತ್ತು. ನಾನು ಕೂಗಲಿಲ್ಲ.